ಅಗೆಯೋಕೆ ಹಿಟಾಚಿ ಇದೆಯಲ್ಲ, ನೀನ್ಯಾಕೆ?

ಮದುವೆ ಊಟದ ಪಂಕ್ತಿ, ಕೋಲಾರದ ಬಸ್ ಸ್ಟ್ಯಾಂಡು, ಕಟಿಂಗ್ ಶಾಪು, ಎಲ್ಲಿ ಸಿಕ್ಕರೂ ಜನ ಇದೊಂದನ್ನು ಕೇಳಿಯೇ ಕೇಳುತ್ತಾರೆ: "ಕೆರೆ ಹೂಳೆತ್ತೋದು ಅಂದ್ರೆ ಆಪರೇಟರ್ ಅಗೀತಾನೆ, ಟ್ರ್ಯಾಕ್ಟರ್‌ನೋನು ಹೊರ್ತಾನೆ. ನೀನು ಬಿಸಿಲಲ್ಲಿ ನಿಂತು ಏನ್ ಮಾಡ್ತೀಯ?" ನಾನು ಕೊಡೆ ಹಿಡಿದುಕೊಂಡು ನಿಲ್ಲೋದಕ್ಕೇ ಸಂಬಳ ಕೊಡ್ತಾರೆ ಅಂತ ನಮ್ಮ ಸೋದರತ್ತೆ ಈಗಲೂ ನಂಬಿದ್ದಾರೆ.

ಅತ್ತೆ ಪೂರ್ತಿ ತಪ್ಪೇನಲ್ಲ. ಹೂಳೆತ್ತುವ ಕೆಲಸದ ಮೇಲ್ವಿಚಾರಕ ನಾನು. ನನ್ನ ಕೆಲಸ ನಿಲ್ಲೋದು, ಮತ್ತೆ ನಿಲ್ಲಿಸೋದು.

ಹಿಟಾಚಿಗೆ ಗಂಟೆ ಲೆಕ್ಕದ ಬಾಡಿಗೆ. ಟ್ರ್ಯಾಕ್ಟರಿಗೆ ಲೋಡ್ ಲೆಕ್ಕ. ರೈತರಿಗೆ ಟೊಮ್ಯಾಟೊ ತೋಟಕ್ಕೋ ಹಿಪ್ಪುನೇರಳೆ ಹೊಲಕ್ಕೋ ಇನ್ನೆರಡು ಲೋಡ್ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು ಬೇಕು. ಊರ ಹಿರಿಯರಿಗೆ ಕೆರೆ ಆಳವಾದಷ್ಟೂ ಸಂತೋಷ. ಅಲ್ಲಿರುವ ಅಷ್ಟೂ ಜನರಲ್ಲಿ "ಸಾಕು" ಅನ್ನೋದರಿಂದ ಯಾರಿಗೂ ನಾಲ್ಕು ಕಾಸು ಬರುವುದಿಲ್ಲ. ಹಾಗಾಗಿ ಅದನ್ನು ಹೇಳೋಕೆ ಸಂಬಳ ಕೊಟ್ಟು ಒಬ್ಬನನ್ನು ಇಡಬೇಕಾಗುತ್ತದೆ.

ಇದು ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಯ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಾಲೂರು ಕಡೆಯ ಒಂದು ಸಣ್ಣ ಕೆರೆ. ಮೇಲಿನ ಕಪ್ಪು ಗೋಡು ಮುಗಿದು, ಅದರಡಿಯ ಜಿಗುಟು ಜೇಡಿ ಶುರುವಾಗಿತ್ತು. ಊರಿನವರು "ಇನ್ನೊಂದು ಮಾರು ಇಳಿಸಿ ಸಾರ್" ಅಂದರು, ನಾನೂ ಹೂಂ ಅಂದೆ. ಏರಿಯ, ಅಂದರೆ ಕೆರೆ ಕಟ್ಟೆಯ ಪಕ್ಕದಲ್ಲೇ ಅಗೆಸಿದೆ, ಅಲ್ಲಿ ಆಳ ಇದ್ದರೆ ಹೊಲಕ್ಕೆ ನೀರು ಬಿಡೋ ತೂಬಿಗೆ ನೀರು ಚೆನ್ನಾಗಿ ಬರುತ್ತೆ ಅಂತ ನನ್ನ ದಡ್ಡ ಲೆಕ್ಕ. ಬಕೆಟ್ಟಿಗೆ ಬಿಳಿ ಗರಸು ಬರತೊಡಗಿತು, ಅಂದರೆ ನೀರು ಹಿಡಿದಿಡುವ ಜೇಡಿ ಮುಗಿದಿತ್ತು. ಹಿಂದೆ ಹೊಲಗಳಿಗೆ ಕೆರೆ ನೀರು ಬಿಡುವ ನೀರಗಂಟಿಯಾಗಿದ್ದ ತಾತ ಒಬ್ಬರು ದಿನಾ ಬಂದು ಕೋಡಿ ಕಲ್ಲಿನ ಮೇಲೆ ಕೂರುತ್ತಿದ್ದರು. ಅವತ್ತು ಎದ್ದು ಬಂದು, ಬಕೆಟ್ಟಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಲು ನೋಡಿದರು. ಕಟ್ಟಲಿಲ್ಲ, ಬೆರಳ ಸಂದಿಯಿಂದ ಉದುರಿಹೋಯ್ತು. "ಸಾಲು ನೈನಾ, ಸಾಲು" ಅಂದರು. ನಮ್ಮ ಗಡಿ ಸೀಮೆಯ ತೆಲುಗಿನಲ್ಲಿ ಸಾಕಪ್ಪ ಸಾಕು ಅಂತ. ನಾನು ನಕ್ಕು, ಆಪರೇಟರಿಗೆ ಕೈ ಬೀಸಿದೆ.

ಮಳೆಗಾಲದಲ್ಲಿ ಕೆರೆ ಮುಕ್ಕಾಲು ತುಂಬಿತು. ಸಂಕ್ರಾಂತಿಗೆ ದನ ಮೈ ತೊಳೆಯೋಕೂ ನೀರಿರಲಿಲ್ಲ. ಏರಿಯ ಆಚೆ ಬುಡದಲ್ಲಿ ಒಂದು ಕಡೆ ಮಾತ್ರ ಸದಾ ಜವುಗು, ಅಂದರೆ ನೀರು ಏರಿಯ ಅಡಿಯಲ್ಲೇ ದಾರಿ ಮಾಡಿಕೊಂಡಿತ್ತು. ಮಾರನೇ ಬೇಸಿಗೆ ಆ ಗುಂಡಿಗೆ ಮತ್ತೆ ಜೇಡಿ ತುಂಬಿಸಿ ದಿಮ್ಮಸು ಹೊಡೆಸಿ ಗಟ್ಟಿ ಮಾಡಿಸಬೇಕಾಯ್ತು. ಅಗೆಸಿದ್ದೂ ನಾನೇ, ಮುಚ್ಚಿಸಿದ್ದೂ ನಾನೇ.

"ಇಂಗಿದರೆ ಬೋರ್‌ವೆಲ್‌ಗೆ ಒಳ್ಳೇದಲ್ವ?" ಅಂತ ಅಡ್ಡಪ್ರಶ್ನೆ ಬರುತ್ತದೆ. ಇಂಗಲಿ, ಬೇಡ ಅಂದವರಾರು? ಆದರೆ ಏರಿಯ ಅಡಿಯಲ್ಲಿ ಬೇಡ, ಸೀದಾ ಗರಸಿಗೂ ಬೇಡ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ) ಯೋಜನೆಯ ನೀರು ಬಂದಾಗಿನಿಂದ ನಮ್ಮ ಎಷ್ಟೋ ಕೆರೆಗಳಲ್ಲಿ ಇರುವುದು ಬೆಂಗಳೂರಿನ ಚರಂಡಿ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿದ್ದು. ಅದು ನಿಧಾನವಾಗಿ ಮಣ್ಣಿನಲ್ಲಿ ಸೋಸಿ ಇಳಿಯಬೇಕು. ಸೋಸುವ ಪದರವನ್ನೇ ಲೋಡ್ ಮಾಡಿ ಕಳಿಸಿಬಿಟ್ಟರೆ ಜರಡಿ ತೂತು ಮಾಡಿ ಹಿಟ್ಟು ಜಾಲಿಸಿದ ಹಾಗೆ.

ಕೆರೆ ಬಟ್ಟಲಿನಂತೆ ಇರಬಾರದು, ತಟ್ಟೆಯಂತಿರಬೇಕು ಅನ್ನೋದು ನನ್ನ ಇನ್ನೊಂದು ಹಟ. ದನ ಇಳಿಯೋಕೆ, ಕೊಕ್ಕರೆ ಕಾಲೂರಿ ನಿಲ್ಲೋಕೆ ಅಂಚು ಇಳಿಜಾರಾಗಿಯೇ ಇರಬೇಕು. ಕಡಿದಾದ ಗುಂಡಿ ನೀರು ತುಂಬಿದ ಮೇಲೆ ಕಾಣುವುದಿಲ್ಲ. ಈಜಲು ಇಳಿದ ಹುಡುಗರು ಅಂಥ ಗುಂಡಿಯಲ್ಲಿ ಹೋದ ಸುದ್ದಿ ನಮ್ಮಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಒಂದು ವಿಷಯಕ್ಕೆ ನಾನು ಯಾರ ಜೊತೆಗಾದರೂ ಜಗಳಕ್ಕೆ ಸಿದ್ಧ.

ಏರಿಯ ಮೇಲಿನ ಬಳ್ಳಾರಿ ಜಾಲಿಯದು ಬೇರೆಯೇ ರಗಳೆ. ಬರೀ ಕಡಿದರೆ ಒಂದಕ್ಕೆ ಹತ್ತು ಚಿಗುರುತ್ತೆ. ಜೆಸಿಬಿಯಲ್ಲಿ ಕಿತ್ತರೆ ಬೇರಿನ ಜೊತೆ ಏರಿಯೂ ಕಿತ್ತು ಬರುತ್ತೆ. ಬೇರು ಒಳಗೇ ಬಿಟ್ಟರೆ ಅದು ಕೊಳೆತು ಕೊಳವೆಯಾಗಿ, ನೀರು ಅದರಲ್ಲೇ ನುಗ್ಗುತ್ತೆ. ಹಾಗಾಗಿ ಆಳು ಹಚ್ಚಿ, ಗಡಾರಿ ಹಿಡಿಸಿ, ಬುಡ ಬಿಡಿಸಿ, ಗುಂಡಿಗೆ ಗೇಣುಗೇಣಿನ ಪದರದಲ್ಲಿ ಹಸಿ ಮಣ್ಣು ಹಾಕಿ ಕುಟ್ಟಿಸಬೇಕು. ಕುಟ್ಟುವವರು ಹೆಂಗಸರ ಗ್ಯಾಂಗು. ಪದರ ದಪ್ಪವಾಯ್ತು ಅನ್ನೋದು ಅವರಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ. "ಅಣ್ಣಯ್ಯ, ದೊಬ್ ಅಂತೈತೆ, ಅರ್ಧ ತೆಗೆಸು" ಅಂದರೆ ನಾನು ಟೇಪ್ ಹಿಡಿಯೋಕೂ ಹೋಗುವುದಿಲ್ಲ.

ಟೇಪ್ ಹಿಡಿಯೋದು ಸಾಕ್ಷಿಗುಡ್ಡೆಗೆ. ಕೈಯಲ್ಲಿ ಅಗೆಯುವ ಕಡೆ ಅಲ್ಲಲ್ಲಿ ಮಣ್ಣಿನ ಕಂಬ ಅಗೆಯದೆ ಉಳಿಸುತ್ತಾರೆ. ಮೊದಲು ನೆಲ ಎಷ್ಟು ಎತ್ತರ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿ, ಅದರ ಅಳತೆಯ ಮೇಲೇ ಕೂಲಿ. ಒಂದು ಸಲ ಒಂದು ಗುಡ್ಡೆ ಪಕ್ಕದವಕ್ಕಿಂತ ಅರ್ಧ ಅಡಿ ಎತ್ತರವಾಗಿ ಕಂಡಿತು. ನೆತ್ತಿಯಲ್ಲಿ ಗರಿಕೆಯೂ ಇತ್ತು. ಗರಿಕೆ ಹಿಡಿದು ಎಳೆದೆ, ಚಾಪೆಯ ಹಾಗೆ ಎದ್ದು ಬಂತು. ಅಡಿಯಲ್ಲಿ ತಂದು ಹಾಕಿದ ಮಣ್ಣು, ಅದರಡಿಯಲ್ಲಿ ನಿಜವಾದ ಹಳೆಯ ಗರಿಕೆ, ಬಾಡಿ ಹಳದಿಯಾಗಿತ್ತು. ಮೇಸ್ತ್ರಿ ಆಕಾಶ ನೋಡಿದ. ನನಗೆ ಸಿಟ್ಟಿಗಿಂತ ನಗು ಹೆಚ್ಚು ಬಂತು, ಅಷ್ಟು ನಾಜೂಕಾಗಿ ನೆಟ್ಟಿದ್ದ. ಕೂಲಿ ಕತ್ತರಿಸಿದೆ, ಮಾರನೇ ದಿನ ಅವನನ್ನೇ ಏರಿಗೆ ಗರಿಕೆ ಹೊದಿಸುವ ಕೆಲಸಕ್ಕೆ ಹಾಕಿದೆ.

ಬಟವಾಡೆ, ಡೀಸೆಲ್, ಹಾಜರಿ ಪುಸ್ತಕ ಎಲ್ಲ ಕಟ್ಟಡ ಕೆಲಸದಲ್ಲೂ ಇದ್ದದ್ದೇ. ಲೋಡಿನ ಲೆಕ್ಕ ಮಾತ್ರ ಹೇಳಬೇಕು. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಮೃತ ಸರೋವರ ಯೋಜನೆಯಲ್ಲಿ ಒಂದು ಕೆರೆಗೆ ಹಾಕಿದ ಗುರಿ ಸುಮಾರು 10,000 ಘನ ಮೀಟರ್, ಅಂದರೆ 1 ಕೋಟಿ ಲೀಟರ್ ನೀರು. ಅಷ್ಟು ಮಣ್ಣನ್ನು 100 ಘನ ಅಡಿಯ ಟ್ರ್ಯಾಲಿಯಲ್ಲಿ ಹೊತ್ತರೆ ಸುಮಾರು 3,500 ಲೋಡ್. ಕೊಡೆ ಹಿಡಿದು ಅಷ್ಟನ್ನು ಎಣಿಸಿ ನೋಡಿ, ಆಮೇಲೆ ಮಾತಾಡೋಣ ಅತ್ತೆ.

2021ರ ನವೆಂಬರ್ ಮಳೆಗೆ ನಮ್ಮ ಜಿಲ್ಲೆಯ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದಾಗ ನಾನು ಟಾರ್ಚ್ ಹಿಡಿದು ಆ ಮಾಲೂರು ಕೆರೆಯ ಏರಿಯ ಮೇಲೆ ನಡೆದೆ. ನಾವು ಮುಚ್ಚಿದ ಜಾಗದ ಆಚೆ ಬುಡ ಮುಟ್ಟಿ ನೋಡಿದೆ. ಮಳೆಗೆ ನೆನೆದಿತ್ತು ಅಷ್ಟೇ, ಜಿನುಗುತ್ತಿರಲಿಲ್ಲ. ತಾತ ಅಷ್ಟರಲ್ಲಿ ತೀರಿಕೊಂಡಿದ್ದರು.

ಹೋದ ಬೇಸಿಗೆಯಲ್ಲಿ ಬಂಗಾರಪೇಟೆಯ ಒಂದು ಮದುವೆ. ಪಕ್ಕದ ಎಲೆಯವರು ಅದೇ ಪ್ರಶ್ನೆ ಕೇಳಿದರು. ಬಾಯಿ ತೆರೆಯುವಷ್ಟರಲ್ಲಿ ಆಪರೇಟರ್ ಹುಡುಗನ ಫೋನು: "ಸಾರ್, ಮಣ್ಣು ಉಂಡೆ ಕಟ್ತಾ ಇಲ್ಲ. ನಿಲ್ಲಿಸ್ಲಾ?"

ನಿಲ್ಲಿಸು, ಬಂದೆ ಅಂದೆ. ಪಾಯಸ ಇನ್ನೂ ಎರಡು ಎಲೆ ಆಚೆ ಇತ್ತು.