ಉಪ್ಪಿನಕಾಯಿ ಬಾಟಲಿಯಲ್ಲಿ ಕೆರೆ ನೀರು

ಮೂರು ವರ್ಷದ ಹಿಂದೆ ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟಕ್ಕೆ ಕೆರೆ ಹೂಳು ತೆಗೆಸಲು ಸೈಟ್ ಎಂಜಿನಿಯರ್ ಆಗಿ ಹೋಗಿದ್ದೆ. ಅರ್ಧ ಎಕರೆ ಕೆರೆ. ಹಿಟಾಚಿ ಇಳಿಸು, ಟಿಪ್ಪರ್ ತುಂಬಿಸು, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಆದರೆ ಆ ಹೂಳಿನಲ್ಲಿ ತಾಮ್ರ ಇತ್ತು.

ಅರೇಬಿಕಾ ಗಿಡಕ್ಕೆ ಎಲೆ ತುಕ್ಕು ರೋಗ ಬರಬಾರದು ಅಂತ ಬೋರ್ಡೋ ದ್ರಾವಣ ಹೊಡೆಯುವುದು ಕೊಡಗಿನವರಿಗೆ ಹೊಸದಲ್ಲ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಜೊತೆಗೆ ಸುಣ್ಣ, ನೀರು. ಈ ತೋಟದಲ್ಲಿ ಅದನ್ನು ಕಲಸುವ ತೊಟ್ಟಿ ಕೆರೆ ದಂಡೆಯಲ್ಲೇ ಇತ್ತು. ಡ್ರಮ್ಮು, ಸ್ಪ್ರೇಯರ್ ತೊಳೆದ ನೀರೆಲ್ಲ ಎರಡು ತಲೆಮಾರಿನಿಂದ ಕೆರೆಗೇ ಇಳಿದಿದೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಕೆಸರಿಗೆ ಅಂಟಿಕೊಂಡು ತಳದಲ್ಲಿ ಕೂತಿರುತ್ತದೆ. ಕೆದಕಿದರೆ ಏಳುತ್ತದೆ. ಕೆರೆಯ ಕೋಡಿ ನೀರು ಹಳ್ಳಕ್ಕೆ, ಹಳ್ಳ ಹಾರಂಗಿಗೆ, ಹಾರಂಗಿ ಕೂಡಿಗೆಯಲ್ಲಿ ಕಾವೇರಿಗೆ. ಹಾಗಾಗಿ ಒಂದು ಬಕೆಟ್ ನೀರನ್ನೂ ಸುಮ್ನೆ ಹೊರಗೆ ಬಿಡುವ ಹಾಗಿರಲಿಲ್ಲ.

ಕುಯಿಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಶುರು ಮಾಡಿದೆವು. ಜೂನ್ ಮಳೆ ಹಿಡಿಯುವ ಮೊದಲು ಮುಗಿಯಬೇಕು. ಮೊದಲ ದಿನವೇ ಮೇಸ್ತ್ರಿ ಹೇಳಿದರು, "ಸಾರ್, ಹಿಟಾಚಿ ಆಮೇಲೆ ತರಿಸಿ. ಮೊದಲು ಮೇಲಿನ ಒರತೆಗೆ ಬೇರೆ ದಾರಿ ಮಾಡಿ." ನಾನು ಕೇಳಲಿಲ್ಲ. ಬೇಸಿಗೆ, ಒರತೆ ಹೆಬ್ಬೆರಳು ಗಾತ್ರ ಇತ್ತು. ಇಷ್ಟಕ್ಕೆ ಯಾರು ಪೈಪ್ ಎಳೆಯುತ್ತಾರೆ ಅನ್ನಿಸಿತು.

ಕೆರೆಯ ಮೂಲೆಯಲ್ಲಿ 3 ಮೀಟರ್ ಉದ್ದ, 3 ಮೀಟರ್ ಅಗಲದ ಗುಂಡಿ ತೋಡಿ ಪಂಪ್ ಇಟ್ಟಿದ್ದೆವು. ಒಂದು ಸಂಜೆ ಪಂಪ್ ನಿಲ್ಲಿಸಿ, ಗುಂಡಿಯಲ್ಲಿ ಬಿದಿರು ನೆಟ್ಟು ಗೆರೆ ಹಾಕಿ ಹೋದೆ. ಬೆಳಿಗ್ಗೆ ನೋಡಿದರೆ 10 ಗಂಟೆಯಲ್ಲಿ ನೀರು 1.2 ಮೀಟರ್ ಏರಿದೆ. ಲೆಕ್ಕ ಹಾಕಿದೆ, ಹತ್ತಿರ ಹತ್ತಿರ 11 ಸಾವಿರ ಲೀಟರ್. ಮೇಲೆ ಕುಡಿಯುವ ಹಾಗಿದ್ದ ನೀರು ರಾತ್ರಿಯೆಲ್ಲ ಕೆಸರಿನ ಮೇಲೆ ಹರಿದು ಬಂದು, ನಾನೇ ಸಂಸ್ಕರಿಸಬೇಕಾದ ನೀರಾಗಿ ನಿಂತಿತ್ತು. ಮೇಸ್ತ್ರಿ ಏನೂ ಅನ್ನಲಿಲ್ಲ. ಬಿದಿರನ್ನು ನೋಡಿದರು, ನನ್ನನ್ನು ನೋಡಿದರು. ಮಧ್ಯಾಹ್ನದೊಳಗೆ ಒರತೆಗೆ ಮರಳು ಚೀಲದ ಕಟ್ಟೆ ಕಟ್ಟಿ, ಪಿವಿಸಿ ಪೈಪಿನಲ್ಲಿ ನೀರನ್ನು ಕೆರೆ ಸುತ್ತಿಸಿ ಕೋಡಿಯ ಆಚೆ ಬಿಟ್ಟೆವು. ಮರುದಿನ ಬೆಳಿಗ್ಗೆ ಗುಂಡಿಯಲ್ಲಿ ಮೊಣಕಾಲಷ್ಟೂ ನೀರು ಇರಲಿಲ್ಲ.

ಕೆರೆ ನೀರನ್ನು ಒಂದೇ ಸಲ ಇಳಿಸಲೂ ಇಲ್ಲ. ನೀರು ಕುಡಿದು ನಿಂತ ದಂಡೆಗೆ ಎದುರಿನ ಆಸರೆ ಥಟ್ಟನೆ ತಪ್ಪಿದರೆ ಅದು ಜಾರಿ ಒಳಗೆ ಬೀಳುತ್ತದೆ. ದಿನಕ್ಕೆ ಒಂದಡಿ ಸಾಕು. ಪಂಪ್ ನೀರು ಹೀರುವ ಪೈಪಿನ ತುದಿಯ ಫುಟ್ ವಾಲ್ವ್ ತಳಕ್ಕೆ ಬಿಟ್ಟರೆ ಕೆಸರೇ ಬರುತ್ತದೆ, ಅದಕ್ಕೆ ಹಳೇ ಟೈರ್ ಟ್ಯೂಬಿಗೆ ಕಟ್ಟಿ ತೇಲಿಸಿದೆವು.

ಈಗ ಬಾಟಲಿ ವಿಷಯ. ಪಂಪ್ ಮಾಡಿದ ನೀರು ಕಾಫಿ ಬಣ್ಣ. ಅದಕ್ಕೆ ದಂಡೆ ಮೇಲೆ ಸಿಲ್ಪಾಲಿನ್ (ಪ್ಲಾಸ್ಟಿಕ್ ಟಾರ್ಪಾಲು) ಹಾಸಿ ಎರಡು ಹೊಂಡ ಮಾಡಿದ್ದೆವು. ನಾನು ಪಟಿಕ ತರಿಸಿ ಧಾರಾಳವಾಗಿ ಹಾಕಿಸಿದೆ. ಬೆಳಗಾಗುವಷ್ಟರಲ್ಲಿ ನೀರು ಕನ್ನಡಿ. ತಳದ ಸಿಲ್ಪಾಲಿನ್ ಮಡಿಕೆ ಕೂಡ ಕಾಣುತ್ತಿತ್ತು. ಫೋಟೋ ತೆಗೆದು ಆಫೀಸಿಗೆ ಕಳಿಸಿದೆ, ಶಭಾಷ್ ಅಂತ ಉತ್ತರ ಬಂತು. ಬಿಡೋಣ ಅಂದಾಗ, ಲ್ಯಾಬ್ ರಿಪೋರ್ಟ್ ಬರಲಿ ಅಂತ ತಡೆದದ್ದು ನಮ್ಮ ಜೊತೆಗಿದ್ದ ಹುಡುಗಿ, ಕೆಮಿಸ್ಟ್ರಿ ಓದಿದವಳು. ರಿಪೋರ್ಟ್ ಬಂತು. ತಾಮ್ರ ಮಿತಿ ಮೀರಿದೆ. ನೀರಿನ ಹುಳಿ ಹೇಳುವ ಪಿಎಚ್ 4.6. ಅದು 7 ಇದ್ದರೆ ಸಮ, ಇಳಿದಷ್ಟೂ ಹುಳಿ ಜಾಸ್ತಿ.

ಆಗ ಅರ್ಥವಾಯಿತು. ಪಟಿಕ ಮಣ್ಣನ್ನು ಕೂರಿಸುತ್ತದೆ, ಜೊತೆಗೆ ನೀರನ್ನು ಹುಳಿ ಮಾಡುತ್ತದೆ. ಕೊಡಗಿನ ನೀರು ಮೆದು ನೀರು, ಹುಳಿ ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಹುಳಿ ನೀರಿನಲ್ಲಿ ತಾಮ್ರ ಕರಗಿಯೇ ಉಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕೆಸರು ನೀರನ್ನಾದರೂ ನೋಡಿ ಹೆದರುತ್ತಿದ್ದೆ!

ಹುಳಿ ಮುರಿಯಲು ಎಷ್ಟು ಸುಣ್ಣ ಬೇಕು ಅಂತ ಮೊದಲು ಸಣ್ಣದರಲ್ಲಿ ನೋಡಬೇಕಿತ್ತು. ಕೆಲಸಗಾರರ ಲೈನ್ ಮನೆಯಿಂದ ಮೇಸ್ತ್ರಿಯ ಅಕ್ಕ ಆರು ಉಪ್ಪಿನಕಾಯಿ ಬಾಟಲಿ ಕೊಟ್ಟರು. ಒಂದೊಂದಕ್ಕೂ ಅಳತೆ ಮಾಡಿ ಅಷ್ಟಷ್ಟೇ ಹೊಂಡದ ನೀರು ತುಂಬಿಸಿ, ಸುಣ್ಣದ ತಿಳಿಯನ್ನು ಇಂಜೆಕ್ಷನ್ ಸಿರಿಂಜಿನಲ್ಲಿ ಹೆಚ್ಚು ಕಡಿಮೆ ಹಾಕುತ್ತ ಹೋದೆವು. ಪ್ರತಿ ಬಾಟಲಿಗೂ ಪಿಎಚ್ ಮೀಟರ್ ಅದ್ದಿ ಟೇಪಿನ ಮೇಲೆ ಬರೆದೆವು. 8.5ರ ಹತ್ತಿರ ಬಂದ ಬಾಟಲಿಯಲ್ಲಿ ತಿಳಿನೀಲಿ ಮೋಡದಂಥದ್ದು ಕಟ್ಟಿ ನಿಧಾನಕ್ಕೆ ಇಳಿಯಿತು. ಅದು ತಾಮ್ರ. ಆರನೆಯದಕ್ಕೆ ಸುಣ್ಣ ಜಾಸ್ತಿಯಾಗಿ ಪಿಎಚ್ 11 ದಾಟಿತು. ಅದನ್ನೂ ಬಿಡುವ ಹಾಗಿಲ್ಲ. ಹಳ್ಳಕ್ಕೆ ಬಿಡುವ ನೀರಿನ ಪಿಎಚ್ 5.5ರಿಂದ 9ರೊಳಗೆ ಇರಬೇಕು, ತಾಮ್ರ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಆಮೇಲೆ ಎಲ್ಲ ಹೊಂಡಕ್ಕೂ ಇದೇ ಕ್ರಮ: ಮೊದಲು ಸುಣ್ಣ, ಮೀಟರ್ ನೋಡಿ, ಕೊನೆಗೆ ಚಿಟಿಕೆ ಪಟಿಕ. 3ಕ್ಕೆ ಇಳಿದ ಕೂಡಲೇ ನಿಲ್ಲಿಸಲೂ ಇಲ್ಲ. ಮೆದು ನೀರಿನ ಮೀನಿಗೆ ಅದಕ್ಕಿಂತ ತುಂಬಾ ಕಡಿಮೆ ತಾಮ್ರವೂ ಅಪಾಯ.

ಎತ್ತಿದ ಕೆಸರಿನ ರಾಶಿಯನ್ನು ಸಿಲ್ಪಾಲಿನ್ ಮೇಲೆ, ಪಂಪಿನ ಗುಂಡಿ ಕಡೆಗೇ ಇಳಿಜಾರು ಮಾಡಿ ಹಾಕಿದ್ದೆವು. ಮಾರ್ಚ್ ಕೊನೆಯಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂತು. ತೋಟದವರಿಗೆ ಹಬ್ಬ, ನನಗೆ ಎದೆ ಡವಡವ. ಅರ್ಧ ಎಕರೆ ಮೇಲೆ 25 ಮಿಲಿಮೀಟರ್ ಬಿದ್ದರೆ 50 ಸಾವಿರ ಲೀಟರ್. ಅದಕ್ಕೇ ಒಂದು ಹೊಂಡ ಯಾವಾಗಲೂ ಖಾಲಿ ಇಟ್ಟಿದ್ದೆ. ರಾತ್ರಿ ಟಾರ್ಚ್ ಹಿಡಿದು ಹೋದರೆ ಮೇಸ್ತ್ರಿ ಆಗಲೇ ರಾಶಿಗೆ ಹೊದಿಕೆ ಎಳೆದು, ಅಂಚಿಗೆ ಕಲ್ಲು ಪೇರಿಸಿ, ಒದ್ದೆ ಬೀಡಿ ಹಚ್ಚಲು ಒದ್ದಾಡುತ್ತಿದ್ದರು.

ಮೇ ಮೊದಲ ವಾರ ಕೆಲಸ ಮುಗಿಯಿತು. ತಾಮ್ರ ತುಂಬಿದ ಬಾಟಲಿ ಅಡುಗೆಮನೆಗೆ ವಾಪಸ್ ಕೊಡುವುದು ಹೇಗೆ? ಕುಶಾಲನಗರದಲ್ಲಿ ಹೊಸ ಆರು ಬಾಟಲಿ ಕೊಂಡು ಕೊಟ್ಟೆ. ಹಳೆಯದರ ಮುಚ್ಚಳ ಎಷ್ಟು ಗಟ್ಟಿ ಇತ್ತು ಅಂತ ಅಕ್ಕ ಈಗಲೂ ಸಿಕ್ಕಾಗೆಲ್ಲ ಬೈಯುತ್ತಾರೆ.