ಅವ್ವನ ರಿಪೋರ್ಟ್‌ಗಳಿಗೆ ಒಂದು ಜಾಗ

ಅವ್ವನಿಗೆ ಶುಗರ್ ಬಂದು ಬಹಳ ವರ್ಷವಾಯಿತು. ಗದಗಿನಲ್ಲಿ ಒಬ್ಬರು ಡಾಕ್ಟರು, ಹುಬ್ಬಳ್ಳಿಯ ನಮ್ಮ ಮನೆಗೆ ಬಂದಾಗ ಇನ್ನೊಬ್ಬರು, ಕಣ್ಣಿಗೆ ಮತ್ತೊಬ್ಬರು. ಎಲ್ಲರ ಕಾಗದವೂ ಸೀರೆ ಅಂಗಡಿಯ ಒಂದು ಕೈಚೀಲದಲ್ಲಿ. ಹೋದ ತಿಂಗಳು ಕಿಡ್ನಿ ಡಾಕ್ಟರು ಹಳೆಯ ಕ್ರಿಯಾಟಿನಿನ್ ರಿಪೋರ್ಟ್ ಕೇಳಿದರು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತಪರೀಕ್ಷೆ ಅದು. ಇವತ್ತಿನ ನಂಬರ್ ಒಂದನ್ನೇ ನೋಡಿದರೆ ಸಾಲದು, ಅದು ಏರುತ್ತಾ ಬಂದಿದೆಯೋ ಇದ್ದಲ್ಲೇ ಇದೆಯೋ ತಿಳಿಯಬೇಕು ಎಂದರು. ಚೀಲ ತಡಕಿದರೆ ಸಿಕ್ಕಿದ್ದು ಔಷಧಿ ಬಿಲ್ಲುಗಳೇ ಜಾಸ್ತಿ. ಒಂದು ಇಸಿಜಿ ಹಾಳೆಯಲ್ಲಂತೂ ಗೆರೆಗಳೆಲ್ಲ ಮಾಸಿ, ಮೂಲೆಯಲ್ಲಿ ಪೆನ್ನಿನಿಂದ ಬರೆದ ಅವ್ವನ ಹೆಸರು ಮಾತ್ರ ಉಳಿದಿತ್ತು. ಅದು ಥರ್ಮಲ್ ಕಾಗದ. ಬಿಸಿಲು, ಸೆಖೆ ತಾಗಿದರೆ ಅಚ್ಚು ಹಾರಿಹೋಗುತ್ತದೆ.

ಆ ಭಾನುವಾರ ನಾನು, ತಂಗಿ, ಅವ್ವ ಮೂವರೂ ಕೂತೆವು. ಇವನ್ನೆಲ್ಲ ಆನ್‌ಲೈನ್‌ನಲ್ಲಿ ಇಡೋಣ ಎಂದೆ. ಆ್ಯಪ್‌ಗಳಿಗೇನು ಬರವೇ? ತಂಗಿ ಒಂದೊಂದನ್ನೇ ತೆರೆದು ತೋರಿಸಿದಳು. ಔಷಧಿ ನೆನಪಿಸುವುದು, ಗ್ರಾಫ್ ಬಿಡಿಸುವುದು, ಎಲ್ಲ ಚೆಂದವೇ. ಅವ್ವ ಸುಮ್ನೆ ನೋಡುತ್ತಿದ್ದವಳು ಕೇಳಿದಳು, "ತಮ್ಮಾ, ಇದು ಬಂದ್ ಆತಂದ್ರ ನನ್ನ ಕಾಗದ ಯಾರ ಕಡೆ ಉಳಿತಾವ?"

ಕೇಳಬೇಕಾದ ಪ್ರಶ್ನೆ ಅದೇ. ದೊಡ್ಡ ಕಂಪನಿಯದು ಅಂದಕೂಡಲೇ ಶಾಶ್ವತ ಅಂತೇನಿಲ್ಲ. ಜನ ತಮ್ಮ ಆರೋಗ್ಯದ ದಾಖಲೆ ಇಡುತ್ತಿದ್ದ ಗೂಗಲ್ ಹೆಲ್ತ್ 2008ರಲ್ಲಿ ಶುರುವಾಗಿ 2012ರ ಜನವರಿ 1ಕ್ಕೆ ನಿಂತಿತು. ದಾಖಲೆ ಇಳಿಸಿಕೊಳ್ಳಲು ಜನರಿಗೆ ಇನ್ನೊಂದು ವರ್ಷ ಕೊಟ್ಟಿದ್ದರು. ಅಂಥದ್ದೇ ಆದ ಮೈಕ್ರೋಸಾಫ್ಟ್‌ನ ಹೆಲ್ತ್‌ವಾಲ್ಟ್ 2007ರಿಂದ ನಡೆದು 2019ರ ನವೆಂಬರ್ 20ಕ್ಕೆ ಮುಚ್ಚಿತು. ಹಾಗಾಗಿ ನಾವು ಆ್ಯಪ್‌ಗಳನ್ನು ಹಿಂದುಮುಂದಾಗಿ ನೋಡಿದೆವು. ಒಳಗೆ ಹಾಕುವುದು ಎಷ್ಟು ಸಲೀಸು ಅನ್ನುವುದನ್ನು ಬಿಟ್ಟು, ಹಾಕಿದ್ದನ್ನು ಪಿಡಿಎಫ್ ಆಗಿ ಹೊರಗೆ ತೆಗೆಯಲು ಬರುತ್ತದೆಯೇ, ಖಾತೆ ಅಳಿಸಲು ಬರುತ್ತದೆಯೇ ಅಂತ ಮೊದಲು ಹುಡುಕಿದೆವು. ಅದು ಸಿಗದ ಆ್ಯಪ್‌ಗಳನ್ನು ತಂಗಿ ಅಲ್ಲೇ ಫೋನಿನಿಂದ ತೆಗೆದುಹಾಕಿದಳು. ಉಚಿತವಿದ್ದರೂ ಬೇಡ.

ಕೊನೆಗೆ ಆಭಾ ಎಂದಾಯಿತು. ಕೇಂದ್ರ ಸರಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶದ ತುಂಬ ಶುರುವಾಯಿತು. ಅದರ ಕೆಳಗೆ 14 ಅಂಕಿಯ ಒಂದು ನಂಬರ್ ಕೊಡುತ್ತಾರೆ, ಅದೇ ಆಭಾ. ಮಾಡಿಸಲೇಬೇಕೆಂಬ ಕಡ್ಡಾಯವಿಲ್ಲ. ನನಗೆ ಹಿಡಿಸಿದ್ದು ಏನೆಂದರೆ, ಇದಕ್ಕೆ ಜೋಡಣೆಯಾದ ಆಸ್ಪತ್ರೆಯ ದಾಖಲೆ ಆ ಆಸ್ಪತ್ರೆಯಲ್ಲೇ ಇರುತ್ತದೆ. ಬೇರೆ ಡಾಕ್ಟರು ನೋಡಬೇಕಾದರೆ ನಮ್ಮ ಒಪ್ಪಿಗೆ ಬೇಕು. ಯಾವ ದಾಖಲೆ, ಯಾವಾಗಿನಿಂದ ಯಾವಾಗಿನವರೆಗಿನದು, ಎಷ್ಟು ದಿನ ನೋಡಬಹುದು, ಎಲ್ಲ ಆ ಒಪ್ಪಿಗೆಯಲ್ಲೇ ಬರುತ್ತದೆ. ಕೊಟ್ಟ ಒಪ್ಪಿಗೆ ವಾಪಸ್ ಪಡೆಯಲೂಬಹುದು.

ಅವ್ವನಿಗೆ ಇದನ್ನು ನಿಧಾನಕ್ಕೆ ಹೇಳಿದೆ. "ಹಂಗಾರ ಕಿಡ್ನಿ ಡಾಕ್ಟರು ನೋಡ್ಲಿ. ಉಳದವರಿಗೆ ಯಾಕ?" ಎಂದಳು. ಅವಳ ಮಾತೇ ಸರಿ. ಮೈ ಅವಳದು, ನಾವು ಫೋನ್ ಹಿಡಿಯುವವರು ಅಷ್ಟೇ. ಎಷ್ಟೋ ಮನೆಗಳಲ್ಲಿ ವಯಸ್ಸಾದವರ ರಿಪೋರ್ಟನ್ನು ಅವರನ್ನು ಕೇಳದೇ ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿಬಿಡುತ್ತಾರೆ. ನನಗೆ ಅದು ಸ್ವಲ್ಪವೂ ಸರಿಕಾಣುವುದಿಲ್ಲ. ಆಭಾ ಮಾಡಿಸುವಾಗ ಒಟಿಪಿ ಬಂದಾಗ ಅವ್ವನ ಕೈಯಲ್ಲೇ ಫೋನ್ ಕೊಟ್ಟೆವು. ಕನ್ನಡಕ ಹಾಕಿಕೊಂಡು ಒಂದೊಂದು ಅಂಕಿ ಒತ್ತಿದಳು.

ಗದಗಿನ ಲ್ಯಾಬಿನವು ಇನ್ನೂ ಕಾಗದದ ಮೇಲೇ ಬರುತ್ತವೆ. ಅವನ್ನು ಬಂದ ದಿನವೇ ಫೋಟೊ ತೆಗೆದು, ತಾರೀಖು ಬರೆದು ಸೇರಿಸುತ್ತೇವೆ. ಒಂದು ಪ್ರತಿ ತಂಗಿಯ ಪೆನ್‌ಡ್ರೈವ್‌ನಲ್ಲೂ ಇರುತ್ತದೆ. ಕ್ರಿಯಾಟಿನಿನ್ ರಿಪೋರ್ಟ್‌ಗಳನ್ನು ವರ್ಷದ ಪ್ರಕಾರ ಜೋಡಿಸಿಯಾಗಿದೆ, ಮುಂದಿನ ಭೇಟಿಗೆ ಅವು ತಯಾರು. ಇನ್ನು ಉಳಿದಿದ್ದು ಅಪ್ಪನದು. ಅವರ ಆಧಾರ್‌ಗೆ ಎಂದೋ ಬಂದಾದ ಮೊಬೈಲ್ ನಂಬರ್ ಜೋಡಿಸಿದೆ, ಒಟಿಪಿ ಬರುವುದಿಲ್ಲ. ಮೊದಲು ಅದನ್ನು ಬದಲಿಸಬೇಕು.