ಬಿಲ್ಲಿಂಗ್ಸ್ ಫಾರ್ಮ್‌ಗೆ ಹೋಗಿ, ಆದರೆ ಎಲೆ ಬಣ್ಣದ ವಾರಾಂತ್ಯದಲ್ಲಿ ಬೇಡ

ಅಕ್ಟೋಬರ್ ಬಂತೆಂದರೆ ಬಾಸ್ಟನ್ ಕಡೆಯ ನಮ್ಮವರು ಕೆಂಪು, ಹಳದಿಗೆ ತಿರುಗಿದ ಮರಗಳ ಎಲೆ ಬಣ್ಣ ನೋಡಲು ಪಕ್ಕದ ವರ್ಮಾಂಟ್ ರಾಜ್ಯಕ್ಕೆ ಹೊರಡುತ್ತಾರೆ. ಅಲ್ಲಿನ ವುಡ್‌ಸ್ಟಾಕ್ ಊರಲ್ಲಿರುವ ಬಿಲ್ಲಿಂಗ್ಸ್ ಫಾರ್ಮ್, ಅಂದರೆ ಮ್ಯೂಸಿಯಂ ಕೂಡ ಆಗಿರುವ ಹಳೆಯ ಹೈನು ಫಾರ್ಮ್, ನೋಡಬೇಕಿದ್ದರೆ ಆ ಗದ್ದಲ ಮುಗಿದ ಮೇಲೆ ಅಥವಾ ಬೇಸಿಗೆಯಲ್ಲಿ ಹೋಗಿ. ನಾವು ಆ ಗದ್ದಲದಲ್ಲೇ ಹೋಗಿದ್ದಕ್ಕೆ ಒಂದು ಮಾಮೂಲಿ ಮೋಟೆಲ್‌ನವರು ನಮ್ಮಿಂದ ಒಂದು ರಾತ್ರಿಗೆ 310 ಡಾಲರ್ ಕಿತ್ತರು. ಹೀಟರ್ ರಾತ್ರಿಯಿಡೀ ಗಡಗಡ ಅನ್ನುತ್ತಿತ್ತು, ಬಿಸಿ ಮಾತ್ರ ಇಲ್ಲ. ಕೇಳಿದ್ದಕ್ಕೆ ಇನ್ನೊಂದು ಕಂಬಳಿ ಕೊಟ್ಟು ಕೈತೊಳೆದುಕೊಂಡರು. ಸುಮ್ನೆ ವೈಟ್ ರಿವರ್ ಜಂಕ್ಷನ್‌ನಲ್ಲಿ ಉಳಿಯಿರಿ, ಅಲ್ಲಿಂದ ಕಾರಿನಲ್ಲಿ ಅರ್ಧ ಗಂಟೆ.

ಹಳೆ ಕೊಟ್ಟಿಗೆ ಉಳಿಸಿದ್ದಾರೆ ಅಂದರೆ ಬಣ್ಣ ಹೊಡೆದ ಖಾಲಿ ಕಟ್ಟಡ ಇರಬಹುದು ಅಂದುಕೊಂಡಿದ್ದೆ. ಇಲ್ಲಿ ಜೆರ್ಸಿ ಹಸುಗಳು ಇವತ್ತಿಗೂ ಹಾಲು ಕೊಡುತ್ತಿವೆ! ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಕೀಲಿಕೆ ಮಾಡಿ ಶ್ರೀಮಂತನಾದ ಫ್ರೆಡರಿಕ್ ಬಿಲ್ಲಿಂಗ್ಸ್ ಊರಿಗೆ ಮರಳಿ 1871ರಲ್ಲಿ ಇದನ್ನು ಶುರು ಮಾಡಿದ. ಹಸುಗಳನ್ನು ಜೆರ್ಸಿ ದ್ವೀಪದಿಂದಲೇ ತರಿಸಿದ. ಉಣ್ಣೆಗಾಗಿ ಸಾಕುವ ಮೆರಿನೊ ಕುರಿ ಮೇಯಿಸಲು ಕಾಡು ಕಡಿದು ಆಗ ಸುತ್ತಲ ಗುಡ್ಡಗಳೆಲ್ಲ ಬೋಳಾಗಿದ್ದವು. ಆತ ಅಲ್ಲಿ ಮರ ನೆಡಿಸಿದ. ರಸ್ತೆಯ ಆಚೆಗಿನ ಗುಡ್ಡದಲ್ಲಿರುವ ಸ್ಪ್ರೂಸ್ (ಸೂಜಿ ಎಲೆಯ ಮರ) ತೋಪುಗಳಲ್ಲಿ ಕೆಲವು ಆ ಕಾಲದವು. 1983ರಲ್ಲಿ ಮೊಮ್ಮಗಳು ಮೇರಿ ಮತ್ತು ಆಕೆಯ ಗಂಡ ಲಾರೆನ್ಸ್ ರಾಕ್‌ಫೆಲ್ಲರ್ ಫಾರ್ಮನ್ನು ಜನರ ನೋಟಕ್ಕೆ ತೆರೆದರು.

1890ರ ಮ್ಯಾನೇಜರ್ ಮನೆಯಲ್ಲಿ ಜನ ಮೇಲಿನ ಕೋಣೆ ನೋಡಿ ಹೊರಟುಬಿಡುತ್ತಾರೆ. ನೀವು ಕೆಳಗಿಳಿಯಿರಿ. ಬೆಣ್ಣೆ ತೆಗೆಯುತ್ತಿದ್ದದ್ದು ಅಲ್ಲೇ. ಮೊಸರಲ್ಲ, ಕೆನೆಯನ್ನೇ ಕಡೆಯುತ್ತಿದ್ದರು. ಬಂದ ಬೆಣ್ಣೆಯನ್ನು ಮರದ ಹಲಗೆ ಮೇಲೆ ಒತ್ತಿ ಒತ್ತಿ ಮಜ್ಜಿಗೆ ಹಿಂಡುತ್ತಿದ್ದರು. ಅಮ್ಮ ಅಲ್ಲಿಂದ ಕದಲಲೇ ಇಲ್ಲ. "ಮಜ್ಜಿಗೆ ಉಳಿದರೆ ಬೆಣ್ಣೆ ಬೇಗ ಕಮಟು ಹಿಡಿಯುತ್ತೆ, ನಾವು ನೀರಲ್ಲಿ ತೊಳೀತೀವಲ್ಲ, ಅದಕ್ಕೇ" ಅಂದರು. ಊರಲ್ಲಿ ಜೆರ್ಸಿ ಮಿಶ್ರತಳಿ ಸಾಕಿದವರು ಅವರು. ಇಲ್ಲಿನ ಹಸುಗಳ ಕಂದು ಮೈ, ದೊಡ್ಡ ಕಣ್ಣು ನೋಡಿ ಗುರುತಿನವರನ್ನು ಕಂಡಂತೆ ಮಾತಾಡಿಸಿದರು.

ಮಧ್ಯಾಹ್ನ ಹಾಲು ಕರೆಯುವುದು ಎಷ್ಟು ಹೊತ್ತಿಗೆ ಅಂತ ಟಿಕೆಟ್ ತಗೊಳ್ಳುವಾಗಲೇ ಕೇಳಿಕೊಳ್ಳಿ. ಅದನ್ನು ಬಿಟ್ಟರೆ ಅರ್ಧ ಫಾರ್ಮ್ ಬಿಟ್ಟ ಹಾಗೆ.

ಊಟಕ್ಕೆ ಪೇಟೆಯಲ್ಲಿ ಸಾಲು ನಿಲ್ಲಬೇಡಿ. ಹೆದ್ದಾರಿ ಕಡೆಗೆ ಬಂದರೆ ಚಿಕ್ಕ ಡೈನರ್‌ಗಳು, ಅಂದರೆ ಸಾದಾ ಹೋಟೆಲ್‌ಗಳು, ಸಿಗುತ್ತವೆ. ನಾವು ಹೋದ ಕಡೆ ದಪ್ಪ ಬ್ರೆಡ್ಡಿನ ನಡುವೆ ವರ್ಮಾಂಟ್ ಚೆಡ್ಡರ್ ಚೀಸ್ ಕರಗಿಸಿ, ಅಂಚು ಗರಿಗರಿಯಾಗುವಂತೆ ಬೆಣ್ಣೆಯಲ್ಲಿ ಕಾಯಿಸಿ ಕೊಟ್ಟರು. 9 ಡಾಲರ್‌ಗೆ ಹೊಟ್ಟೆ ತುಂಬ. ಪ್ಯಾನ್‌ಕೇಕ್‌ಗೆ ಅಸಲಿ ಮೇಪಲ್ ಸಿರಪ್, ಕಾಫಿ ಖಾಲಿಯಾದ ಹಾಗೆ ತುಂಬಿಸುತ್ತಲೇ ಇದ್ದರು. ಸಸ್ಯಾಹಾರಿಗಳು ಸೂಪ್‌ಗೆ ಕೋಳಿ ಸಾರು ಹಾಕಿದ್ದಾರಾ ಅಂತ ಕೇಳಿಯೇ ತಗೊಳ್ಳಿ.